ಗಾಲಿಯ ಹಿಂದಿನ ಕಲ್ಲು

ಸೀಮೆಸುಣ್ಣ ಕಿರ್ರೆಂದಿತು, ಹಲ್ಲು ಜುಂ ಎಂದವು, ಮಲ್ಲಯ್ಯ ಮೇಷ್ಟ್ರು ಬೋರ್ಡಿನ ಮೇಲೆ ಓರೆಗೆರೆ ಎಳೆದು ಅದರ ಮೇಲೊಂದು ಚೌಕ ಕೂರಿಸಿದ್ದಾರೆ, ಇಳಿಜಾರಿನಲ್ಲಿ ಭಾರವನ್ನು ಎರಡಾಗಿ ಒಡೆಯಬೇಕಂತೆ, ಕಾಸ್ ಥೀಟಾ ನೆಲವನ್ನು ಒತ್ತುತ್ತದೆ, ಸೈನ್ ಥೀಟಾ ಕೆಳಗೆ ಎಳೆಯುತ್ತದೆ — ಎಳೆಯುತ್ತದೆ, ನನಗೆ ಗೊತ್ತಿಲ್ಲವೇ, ಕುರುಗೋಡಿನ ಗುಡ್ಡದ ಏರಿನಲ್ಲಿ ಅಪ್ಪನ ಬಂಡಿ, ಬಂಡಿ ತುಂಬ ಚಪ್ಪಡಿ, ಎತ್ತುಗಳು ಏದುಸಿರು ಬಿಟ್ಟು ನಿಂತಾಗೆಲ್ಲ ಅಪ್ಪ ಮುಂದಿನಿಂದ ಕೂಗುತ್ತಿದ್ದ, ಲೇ ಹುಲುಗಾ, ಕಲ್ಲು ಕೊಡಲೇ, ಹಿಂದೆ ನಡೆಯುತ್ತಿದ್ದ ಆಳು ಹುಲುಗಪ್ಪ ಬಗ್ಗಿ ಗಾಲಿಯ ಹಿಂದೆ ಕಲ್ಲು ಕೊಡುತ್ತಿದ್ದ, ಬಂಡಿ ಹಿಂದಕ್ಕೆ ಜಾರದೆ ಅಲ್ಲೇ ನಿಲ್ಲುತ್ತಿತ್ತು, ಅವನು ಬೆವರು ಒರೆಸಿಕೊಂಡು ನನ್ನತ್ತ ನೋಡಿ ನಗುತ್ತಿದ್ದ, ಆ ನಗುವಿಗಾಗಿಯೇ ನಾನು ಬುತ್ತಿ ಹೊತ್ತು ಹೋಗುತ್ತಿದ್ದೆ, ಅವ್ವನಿಗೇನು ಗೊತ್ತು, ಮಗಳು ಬಲು ಕಷ್ಟಜೀವಿ ಎಂದು ಓಣಿಯೆಲ್ಲ ಹೇಳಿಕೊಂಡು ಬರುತ್ತಿದ್ದಳು. ನಿನ್ನೆ ಹುಲುಗಪ್ಪ, ನಾನು ಓದಲು ಉಳಿದಿರುವ ಪಾರ್ವತಿನಗರದ ಚಿಗವ್ವನ ಮನೆ ಬಾಗಿಲಿಗೆ ಬಂದಿದ್ದ, ನೀರು ಸಹ ಕುಡಿಯಲಿಲ್ಲ, ಈರಮ್ಮಾ, ನಾಳಿ ನಾಲ್ಕರ ಬಸ್ಸಿಗೆ ಸಿರುಗುಪ್ಪಕ್ಕ ಹೊಂಟೀನಿ, ಮಾವ ತನ್ನ ಮಗಳನ್ನ ಮಾಡ್ಕೊ ಅಂತ ಹಟ ಹಿಡದಾನ, ನೀ ಸ್ಟ್ಯಾಂಡಿಗೆ ಬಂದು ಇರು ಅಂದ್ರ ಇರ್ತೀನಿ, ಬರಲಿಲ್ಲಂದ್ರ ನಾ ತಿಳ್ಕೊಂತೀನಿ, ನಾನು ಚಿಲಕ ಹಿಡಿದು ನಿಂತೆ, ಅವನು ಕಾದ, ಕಾದು ನಕ್ಕ, ಓದವ್ವ ನೀನು ಎಂದು ಹೊರಟ — ಊರಿನಿಂದ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿ ನಾನೊಬ್ಬಳೇ, ಮಾರ್ಚಿಗೆ ಮದರಾಸು ಯೂನಿವರ್ಸಿಟಿಯ ಪರೀಕ್ಷೆ, ಮಗಳು ಬಂಡಿಯ ಆಳಿನ ಹಿಂದೆ ಹೋದಳೆಂದರೆ ಅಪ್ಪ ಯಾವ ಮುಖ ಹೊತ್ತು ಊರ ಅಗಸಿಬಾಗಿಲು ದಾಟುತ್ತಾನೆ, ಆದರೂ ನೀನು ಬೇಕು ಹುಲುಗಪ್ಪ, ಈ ಗಡಿಯಾರಕ್ಕೇನು ಇಷ್ಟು ಅವಸರ, ಈಗ ಎದ್ದು ಓಡಿದರೂ ಸ್ಟ್ಯಾಂಡು ಸಿಗುತ್ತದೆ, ಏಳು, ಏಳೇ — ಬಾರಮ್ಮಾ ಈರಮ್ಮ, ಚೌಕದ ಮ್ಯಾಲಿನ ಬಲ ಎಲ್ಲಾ ಗುರುತು ಮಾಡು, ಮೇಷ್ಟ್ರು ಕರೆಯುತ್ತಾರೆ, ಕಾಲು ಎದ್ದವು, ಬಾಗಿಲಿಗಲ್ಲ, ಬೋರ್ಡಿಗೆ, ಭಾರಕ್ಕೊಂದು ಬಾಣ, ನೆಲದ ಒತ್ತಿಗೊಂದು ಬಾಣ, ಆಮೇಲೆ ಕೈ ತಾನೇ ಚೌಕದ ಕೆಳಮಗ್ಗುಲಿಗೆ ಒಂದು ಉಂಡೆ ಬರೆಯಿತು, ಇದೇನಮ್ಮಾ, ಕಲ್ಲು ಸಾರ್, ಬಂಡಿ ಜಾರಬಾರ್ದಲ್ರಿ, ಹುಡುಗರು ಬೆಂಚು ಬಡಿದು ನಗುತ್ತಾರೆ, ಮೇಷ್ಟ್ರೂ ನಗುತ್ತಾರೆ, ಲೆಕ್ಕದಾಗ ಕಲ್ಲಿಲ್ಲವ್ವ, ಇಳಿಜಾರು ನುಣುಪು ಅಂತ ಕೊಟ್ಟಾರ, ತಡಿಯೋದು ಏನೂ ಇಲ್ಲ, ಅಳಿಸು. ಹೊರಗೆ ಹಾರನ್ ಸದ್ದು, ಸಿರುಗುಪ್ಪದ ಬಸ್ಸು ಕಾಲೇಜಿನ ಮುಂದೆಯೇ ಹಾಯುತ್ತದೆ, ಕಿಟಕಿಯಾಚೆ ಕೆಂಧೂಳು, ಅವನು ಯಾವ ಮಗ್ಗುಲಿಗೆ ಕೂತಿದ್ದಾನೋ, ಈ ಕಡೆ ನೋಡಿದನೋ, ಇರು ಎನ್ನುವ ಒಂದೇ ಮಾತು ಸಾಕಾಗಿತ್ತು, ಅಳಿಸು ಅಂದೆನಲ್ಲಮ್ಮಾ — ಅಳಿಸಿದೆ, ಓರೆಗೆರೆಯ ಮೇಲೆ ಚೌಕ, ಅದರ ಕೆಳಗೆ ಬಿಳಿ ಮಸುಕು, ಗಾಲಿಯ ಹಿಂದೆ ಕಲ್ಲಿಲ್ಲ, ಕಲ್ಲಿಲ್ಲ, ಗಾಲಿಯ ಹಿಂದೆ