ಹೆಲ್ಮೆಟ್ಟಿನಲ್ಲಿ ಬಂದ ಮೊಟ್ಟೆ

ನಮ್ಮತ್ತೆಗೆ ಕೋಪ ಮೂಗಿನ ತುದಿಯಲ್ಲೇ ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಕೋಪ ಇದ್ದದ್ದು ನಿಜ. ಆದರೆ ಆ ಮೂಗಿನ ತುದಿಯಲ್ಲಿ ಕೋಪಕ್ಕಿಂತ ದೊಡ್ಡದೊಂದು ಇತ್ತು, ನಮ್ಮ ಇಡೀ ಬೇಕರಿ.

ನಮ್ಮದು ಕೆಳಗೆ ಬೇಕರಿ, ಮೇಲೆ ಮನೆ. ಕೇಕಿನ ಹಿಟ್ಟಿಗೆ ಮೊಟ್ಟೆ ಒಡೆಯುವಾಗ ನೇರವಾಗಿ ಬೋಗುಣಿಗೆ ಒಡೆಯುವ ಹಾಗಿಲ್ಲ. ಮೊದಲು ಒಂದು ಸಣ್ಣ ಸ್ಟೀಲ್ ಬಟ್ಟಲಿಗೆ ಒಡೆಯಬೇಕು, ಆ ಬಟ್ಟಲನ್ನು ಅತ್ತೆಯ ಮೂಗಿನ ಮುಂದೆ ಹಿಡಿಯಬೇಕು. ಅವರು ತಲೆಯಾಡಿಸಿದರೆ ಬೋಗುಣಿಗೆ, ಮುಖ ತಿರುಗಿಸಿದರೆ ಮೋರಿಗೆ. ಒಂದು ಕೊಳೆತ ಮೊಟ್ಟೆ ಬಿದ್ದರೂ ಬೋಗುಣಿಯಷ್ಟೂ ಹಾಳು ತಾನೆ? "ಮೂಗು ಒಪ್ಪದ್ದು ಬಾಯಿಗೆ ಬೇಡ" ಎನ್ನುವುದು ಅವರ ಮಾತು. ನಮ್ಮ ಯಜಮಾನರು ಒಡೆದು ಒಡೆದು ಹಿಡಿಯುವುದು, ಅವರಮ್ಮ ಮೂಸಿ ಮೂಸಿ ತಲೆಯಾಡಿಸುವುದು, ಎಷ್ಟೋ ವರ್ಷಗಳಿಂದ ಬೆಳಗಿನ ಹೊತ್ತು ಹೀಗೇ ನಡೆದಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಒಮ್ಮೆ ಮೂಗು ತೂರಿಸಲು ಹೋಗಿದ್ದೆ. "ನಿನ್ನ ಮೂಗು ಮುಖಕ್ಕೆ ಚೆನ್ನಾಗಿದೆ, ಅಲ್ಲೇ ಇರ್ಲಿ ಬಿಡು" ಅಂದರು. ಅಲ್ಲಿಂದಾಚೆ ನಾನು ಮೊಟ್ಟೆಯ ತಂಟೆಗೆ ಹೋಗಲಿಲ್ಲ. ಓವನ್ನಿನಿಂದ ಬಂದದ್ದರಲ್ಲಿ ಮೊದಲ ತುಂಡು ಕೂಡ ಅವರದೇ. ಅವರು ಬಾಯಿಗೆ ಹಾಕಿಕೊಳ್ಳದೆ ಮನೆಯಲ್ಲಿ ಯಾರೂ ಕೈ ಚಾಚುವಂತಿರಲಿಲ್ಲ.

ಆ ಮೂಗನ್ನು ಒಂದು ಜ್ವರ ಹೊತ್ತುಕೊಂಡು ಹೋಯಿತು. ಜ್ವರ ಇಳಿಯಿತು, ವಾಸನೆ ಮಾತ್ರ ಹಿಂದಕ್ಕೆ ಬರಲಿಲ್ಲ. ಬಂದರೂ ಬಂದೀತು, ಬರದೇ ಇದ್ದರೂ ಇದ್ದೀತು ಎಂದರು ಡಾಕ್ಟರು. ಅದು ನನಗೂ ಗೊತ್ತಿತ್ತು, ಅದಕ್ಕೆ ಅಷ್ಟು ಓದಬೇಕಿರಲಿಲ್ಲ. ಅತ್ತೆ ಬೇಕರಿಗೆ ಇಳಿದು ಬರುವುದನ್ನು ನಿಲ್ಲಿಸಿದರು. ಆಮೇಲೆ ಊಟವನ್ನೂ ನಿಲ್ಲಿಸಿದರು ಅನ್ನಬೇಕು. ನಾನು ಏನು ಮಾಡಿಟ್ಟರೂ ತಟ್ಟೆಯನ್ನು ಎರಡು ಬೆರಳಲ್ಲಿ ಹಿಂದಕ್ಕೆ ತಳ್ಳುವರು. ತಾವೇ ಸಿಪ್ಪೆ ಸುಲಿದ ಬಾಳೆಹಣ್ಣು, ತಾವೇ ಪೊಟ್ಟಣ ಹರಿದ ಬಿಸ್ಕತ್ತು, ಇಷ್ಟೇ. ಬಳೆಗಳು ಮಣಿಕಟ್ಟಿನಿಂದ ಮೊಣಕೈವರೆಗೆ ಜಾರುತ್ತಿದ್ದವು. ಹೀಗೇ ಆದರೆ ಮೂಗಿಗೆ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅದೇ ಮೂಗಿಗೆ ನಳಿಗೆ! ಕೇಳಿ ನನಗೆ ಅಳು ಬಂತು. ಆದರೆ ಮರುದಿನ ಮತ್ತೆ ತಟ್ಟೆ ಹಿಂದೆ ಬಂದಾಗ ಸಿಟ್ಟೂ ಬಂತು. ಬಿಸ್ಕತ್ತು ಇಳಿಯುವ ಗಂಟಲಿಗೆ ನಾನು ಬೇಯಿಸಿದ್ದು ಮಾತ್ರ ಯಾಕೆ ಇಳಿಯುವುದಿಲ್ಲ? ರುಚಿಯೇ ಗೊತ್ತಾಗದವರಿಗೆ ನನ್ನ ಅಡುಗೆಯೊಂದು ಕಹಿಯೇ? ಪಾತ್ರೆ ತೊಳೆಯುವಾಗ ನಾನು ಮಾಡುತ್ತಿದ್ದ ಸದ್ದು ಬೀದಿಯ ಆ ತುದಿಗೂ ಕೇಳಿಸುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮರಿ ಬಂದ. ಮರಿ ಎಂದರೆ ನನ್ನ ಮೈದುನ. ಮನೆಗೆ ಕಿರಿಯವನಾದ್ದರಿಂದ ಆ ಹೆಸರು, ತಲೆಗೂದಲು ಬೆಳ್ಳಗಾಗುತ್ತಿದ್ದರೂ ಬಿಟ್ಟಿಲ್ಲ. ಊರಾಚೆಯ ಉಷ್ಟ್ರಪಕ್ಷಿ ಫಾರಂನಲ್ಲಿ ಅವನಿಗೆ ಕೆಲಸ. ಬೈಕು ಓಡಿಸಿಕೊಂಡು ಬರಿತಲೆಯಲ್ಲಿ ಬಂದಿದ್ದ. ಬೈಕಿನಿಂದ ಇಳಿದವನು ಹೆಲ್ಮೆಟ್ಟನ್ನು ಮಗುವಿನ ಹಾಗೆ ಎರಡು ಕೈಯಲ್ಲಿ ಅವುಚಿಕೊಂಡಿದ್ದ.

"ತಲೆಗೆ ಹಾಕ್ಕೊಳ್ಳೋದನ್ನ ಎದೆಗೆ ಹಾಕ್ಕೊಂಡಿದ್ದೀಯಲ್ಲೋ" ಅಂದೆ.

"ನನ್ನ ತಲೆ ಒಡೆದ್ರೆ ಹೊಲಿಗೆ ಹಾಕ್ಬಹುದು ಅತ್ತಿಗೆ, ಇದು ಒಡೆದ್ರೆ ಆಗಲ್ಲ" ಎಂದು ಹೆಲ್ಮೆಟ್ಟನ್ನು ಹಿಟ್ಟು ನಾದುವ ಮೇಜಿನ ಮೇಲಿಟ್ಟು, ಒಳಗಿದ್ದ ಟವೆಲ್ಲನ್ನು ಸರಿಸಿದ.

ನಾನು ಮೊಟ್ಟೆಗಳ ನಡುವೆಯೇ ಸಂಸಾರ ಮಾಡಿದವಳು. ದಿನಾ ಟ್ರೇಗಟ್ಟಲೆ ಬರುತ್ತವೆ, ಟ್ರೇಗಟ್ಟಲೆ ಹೋಗುತ್ತವೆ. ಮೊಟ್ಟೆ ನೋಡಿ ಬಾಯಿ ಬಿಟ್ಟು ನಿಲ್ಲುತ್ತೇನೆ ಎಂದು ಯಾರಾದರೂ ಹೇಳಿದ್ದರೆ ನಕ್ಕು ಬಿಡುತ್ತಿದ್ದೆ. ಅವತ್ತು ನಿಂತೆ. ಹೆಲ್ಮೆಟ್ಟಿನ ತುಂಬ ಅದೊಂದೇ. ಕೆನೆಯ ಬಣ್ಣ. ಮೈಯೆಲ್ಲ ನುಣುಪು, ಹತ್ತಿರ ಹೋಗಿ ನೋಡಿದರೆ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ. ಎತ್ತಿಕೊಂಡರೆ ಕೈ ಕೆಳಗೆ ಜಗ್ಗಿತು. ಒಳಗೆ ಏನೋ ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿತು, ನನ್ನ ಮೈ ಜುಮ್ಮೆಂದಿತು.

"ಮರಿ ಆಗದೇ ಇರೋ ಮೊಟ್ಟೆ" ಎಂದ ಮರಿ. "ಕತ್ತಲೆ ಕೋಣೇಲಿ ದೀಪದ ಮುಂದೆ ಹಿಡಿದು ನೋಡ್ತೀವಿ. ಒಳಗೆ ಜೀವ ಕಟ್ಟಿಲ್ಲ ಅಂದ್ರೆ ತಿನ್ನೋಕೆ ಕೊಡ್ತಾರೆ. ಕೋಳಿಮೊಟ್ಟೆ ಎರಡು ಡಜನ್ ಒಡೆದು ಹಾಕಿದ್ರೆ ಎಷ್ಟೋ, ಇದೊಂದೇ ಅಷ್ಟು."

ಯಜಮಾನರು ಅದರ ಸುತ್ತ ಒಂದು ಸುತ್ತು ಬಂದರು. ಜೀವಮಾನವೆಲ್ಲ ಮೊಟ್ಟೆ ಒಡೆದ ಮನುಷ್ಯ, ಮುಟ್ಟಲು ಕೈ ಬರಲಿಲ್ಲ. ಕೊನೆಗೆ ಮೆಟ್ಟಿಲ ಬುಡಕ್ಕೆ ಹೋಗಿ, "ಅಮ್ಮಾ! ಅಮ್ಮಾ, ಇಲ್ಲಿ ಬಂದು ನೋಡು!" ಎಂದು ಚಿಕ್ಕ ಹುಡುಗನ ಹಾಗೆ ಕೂಗಿದರು.

ಅತ್ತೆ ಬರುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದರು. ಜ್ವರ ಬಂದಮೇಲೆ ಬೇಕರಿಯೊಳಗೆ ಅವರ ಕಾಲು ಅದೇ ಮೊದಲು. ಮೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟರು.

"ಇಷ್ಟು ದೊಡ್ಡದು ಇಡೋವಾಗ ಆ ತಾಯಿಗೆ ನೋವಾಗಲ್ವೇನೋ?"

"ಇಲ್ಲಮ್ಮ. ಆ ಹಕ್ಕಿ ಮೈಗೆ ಹೋಲಿಸಿದ್ರೆ ಇದು ಪುಟಾಣಿ. ಅಷ್ಟು ದೊಡ್ಡ ಮೈಗೆ ಇಷ್ಟು ಚಿಕ್ಕ ಮೊಟ್ಟೆ ಬೇರೆ ಯಾವ ಹಕ್ಕೀನೂ ಇಡಲ್ಲ."

"ಪುಟಾಣಿ ಅಂತೆ" ಎಂದು ಅತ್ತೆ ನನ್ನ ಕಡೆ ನೋಡಿದರು. ಎಷ್ಟೋ ದಿನಗಳ ಮೇಲೆ ಅವರ ಕಣ್ಣಲ್ಲಿ ಬೆಳಕು ಕಂಡೆ. ಬೆರಳ ಗೆಣ್ಣಿನಿಂದ ಮೊಟ್ಟೆಯ ಮೇಲೆ ತಟ್ಟಿ ಕಿವಿಯಿಟ್ಟು ಕೇಳಿದರು. ನಾನೂ ಕೇಳಿದೆ. ಹೂಜಿಯನ್ನು ತಟ್ಟಿದ ಸದ್ದು.

ಒಡೆಯುವುದು ಹೇಗೆ? ಯಜಮಾನರಿಗೆ ತಮ್ಮ ಕೈಚಳಕದ ಮೇಲೆ ಬಹಳ ಹೆಮ್ಮೆ. ಒಂದೇ ಪೆಟ್ಟು, ಎರಡನೆಯದು ಬೇಕಾಗಿದ್ದೇ ಇಲ್ಲ. ಅದೇ ಗತ್ತಿನಲ್ಲಿ ಮೊಟ್ಟೆಯನ್ನು ಎತ್ತಿ ಅಲ್ಯೂಮಿನಿಯಂ ಬೋಗುಣಿಯ ಅಂಚಿಗೆ ಒಂದು ಪೆಟ್ಟು ಕೊಟ್ಟರು. ಠಣ್ ಎಂದಿತು. ಮೊಟ್ಟೆಗೆ ಏನೂ ಆಗಲಿಲ್ಲ, ಬೋಗುಣಿಯ ಅಂಚು ನೆಗ್ಗಿತು.

"ಅದರ ಮೇಲೆ ಕೂರೋ ಹಕ್ಕಿ ನಿನ್ನ ಎರಡರಷ್ಟು ತೂಕ ಇರತ್ತೆ ಅಣ್ಣ" ಎಂದು ಮರಿ ಬಿದ್ದು ಬಿದ್ದು ನಕ್ಕ. "ನೀನು ಹತ್ತಿ ನಿಂತ್ರೂ ಅದು ಜಗ್ಗಲ್ಲ." ತೂತು ಕೊರೆದು ಬಗ್ಗಿಸೋಣ ಎಂದ ಅವನು. ಅತ್ತೆ ಒಪ್ಪಲಿಲ್ಲ. ತೂತಿನಲ್ಲಿ ಇಳಿದರೆ ಹಳದಿ ಒಡೆದು ಹೋಗುತ್ತದೆ, ಇಂಥದ್ದು ಇಡಿಯಾಗಿ ನೋಡದೆ ಇದ್ದರೆ ಬದುಕಿದ್ದು ಏನು ಬಂತು ಎಂದರು. ಅನ್ನ ಬಿಟ್ಟು ಕೂತವರ ಬಾಯಲ್ಲಿ ಆ ಮಾತು ಕೇಳಿ ನಾನು ಬೇರೆ ಕಡೆ ಮುಖ ಮಾಡಿಕೊಂಡೆ.

ಮರಿ ಬೈಕಿನ ಡಬ್ಬಿಯಿಂದ ಹ್ಯಾಕ್ಸಾ ಬ್ಲೇಡು ತಂದ. ಅದನ್ನು ನಾನು ಸೋಪು ಹಾಕಿ ತೊಳೆದುಕೊಟ್ಟೆ. ಮೊಟ್ಟೆಯ ತಲೆಯ ಸುತ್ತ ಅಣ್ಣ ತಮ್ಮ ಸರದಿಯ ಮೇಲೆ ಕೊಯ್ದರು. ಬಿಳಿ ಪುಡಿ ಉದುರಿತು. ಮುಚ್ಚಳದ ಹಾಗೆ ಚಿಪ್ಪು ಬಿಡಿಸಿಕೊಂಡಾಗ, ಅದರ ದಪ್ಪ ನಮ್ಮ ಪಿಂಗಾಣಿ ಬಸಿಯಷ್ಟೇ ಇತ್ತು. ಮರಿ ಬಗ್ಗಿಸಲು ಎತ್ತಿದ. ಯಜಮಾನರ ಕೈ ತಾನಾಗಿ ಹೋಗಿ ಆ ಸಣ್ಣ ಸ್ಟೀಲ್ ಬಟ್ಟಲನ್ನು ಕೆಳಗೆ ಹಿಡಿಯಿತು.

"ಅಯ್ಯೋ ದಡ್ಡ, ಬೋಗುಣಿ ತಗೊಳ್ಳೋ!" ಎಂದು ಅತ್ತೆ ಚೀರಿದರು. ನಮಗೆಲ್ಲ ನಗು ತಡೆಯಲಾಗಲಿಲ್ಲ.

ನಗು ಅಲ್ಲೇ ನಿಂತಿತು. ಮೊದಲು ಬಿಳಿಯದು ಇಳಿಯಿತು, ಗಾಜಿನಷ್ಟು ತಿಳಿ, ನಡುಗುತ್ತಾ, ಮುಗಿಯುವುದೇ ಇಲ್ಲವೇನೋ ಎನ್ನುವಂತೆ. ಆಮೇಲೆ ಹಳದಿ ಚಿಪ್ಪಿನ ಬಾಯಿಗೆ ಬಂದು ಒಂದು ಕ್ಷಣ ತಡೆದು, ಜಾರಿ, ಬೋಗುಣಿಯ ನಡುವೆ ಕೂತಿತು. ಇಡಿಯಾಗಿ. ನನ್ನ ಎರಡು ಅಂಗೈ ಜೋಡಿಸಿದರೂ ಮುಚ್ಚಲಾಗದಷ್ಟು ಅಗಲ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದಿತ್ತು. ಇಷ್ಟೂ ಆಹಾರವನ್ನು ಒಂದು ತಾಯಿ, ಕಣ್ಣೇ ಬಿಡದ ಒಂದು ಮರಿಗಾಗಿ ಕಟ್ಟಿ, ಮೇಲೆ ಪಿಂಗಾಣಿಯ ಗೋಡೆ ಎಬ್ಬಿಸಿ, ಮುಚ್ಚಿ ಕೊಟ್ಟಿದ್ದಾಳಲ್ಲ ಎಂದು ನನಗೆ ಅನ್ನಿಸಿತು. ಕೈ ಮುಗಿಯಬೇಕೆನಿಸಿತು. ಮುಗಿದೆ ಕೂಡ.

ಆಗ ಯಜಮಾನರು ಬೋಗುಣಿಯನ್ನು ಎತ್ತಿ ಅವರಮ್ಮನ ಮುಖದ ಮುಂದೆ ಹಿಡಿದರು.

ಬೇಕೆಂದು ಮಾಡಿದ್ದಲ್ಲ. ಒಡೆದ ಮೇಲೆ ಹಿಡಿಯಬೇಕು, ಕೈಗೆ ಅಷ್ಟೇ ಗೊತ್ತು. ಹಿಡಿದ ಮೇಲೆ ತಿಳಿಯಿತು. ಬೋಗುಣಿ ಅಲ್ಲೇ ನಿಂತಿತು, ಹಿಂದಕ್ಕೂ ತರಲಾರರು, ಮುಂದಕ್ಕೂ ಒಯ್ಯಲಾರರು.

ಅತ್ತೆ ಬಾಗಿದರು. ಉಸಿರು ಎಳೆದುಕೊಂಡರು. ಇನ್ನೊಮ್ಮೆ ಎಳೆದುಕೊಂಡರು.

"ನನ್ನ ಮುಂದೆ ಯಾಕೋ ಹಿಡಿತೀಯ?" ಅಂದರು. "ಕುರುಡಿ ಮುಂದೆ ಕನ್ನಡಿ ಹಿಡಿದ ಹಾಗೆ." ಸಿಟ್ಟಿನಿಂದ ಶುರುವಾದ ಮಾತು ನಡುವೆಯೇ ಒಡೆಯಿತು. "ಇದು ಒಳ್ಳೇದೋ ಕೆಟ್ಟದ್ದೋ ನಂಗೆ ಗೊತ್ತಾಗಲ್ಲ. ಇದೊಂದೇ ಅಲ್ಲ. ಯಾವುದೂ ಗೊತ್ತಾಗಲ್ಲ. ತಟ್ಟೆ ಮುಂದೆ ಕೂತ್ರೆ ಭಯ ಆಗತ್ತೆ ಕಣೋ. ಹಳಸಿದ್ದರೂ ನುಂಗಿಬಿಡ್ತೀನೇನೋ ಅಂತ ಗಂಟಲು ಮುಚ್ಕೊಳ್ಳತ್ತೆ. ಜೀವಮಾನ ಎಲ್ಲ ಮೂಸದೆ ತಿಂದವಳಲ್ಲ ನಾನು."

ಸುಲಿದ ಬಾಳೆಹಣ್ಣು, ಹರಿದ ಪೊಟ್ಟಣ. ಕೆಡದೆ ಮುಚ್ಚಿಕೊಂಡಿದ್ದದ್ದನ್ನು ಮಾತ್ರ ಅವರು ತಿನ್ನುತ್ತಿದ್ದರು. ನನ್ನ ಅಡುಗೆಯನ್ನು ಹೀಗಳೆದದ್ದಲ್ಲ, ಹೆದರಿದ್ದು. ಈ ಬೀದಿಯನ್ನೇ ಹೆದರಿಸಿದ ಹೆಂಗಸು ನನ್ನ ತಟ್ಟೆಗೆ ಹೆದರಿದ್ದರು, ನಾನೋ ಪಾತ್ರೆ ಕುಕ್ಕುತ್ತಾ ಕೂತಿದ್ದೆ.

"ಅವಳ ಮುಂದೆ ಹಿಡಿ" ಎಂದರು ಅತ್ತೆ.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಬೋಗುಣಿ ನನ್ನ ಕಡೆ ತಿರುಗಿತು. ಮೂಗು ಇಳಿಸಿ ಮೂಸಿದೆ. ಎಂಥದೋ ಹಸಿ ವಾಸನೆ, ಕೋಳಿಮೊಟ್ಟೆಗಿಂತ ಒಂದಿಷ್ಟು ಗಾಢ. ಇಂಥ ಮೊಟ್ಟೆ ಹೀಗೇ ಇರಬೇಕೋ, ಹೀಗಿರಬಾರದೋ? ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ನಂಗೂ ಗೊತ್ತಾಗ್ತಿಲ್ಲ ಅತ್ತೆ. ಇದನ್ನ ಯಾವತ್ತು ಮೂಸಿದ್ದೆ ನಾನು?"

ಅತ್ತೆ ನನ್ನನ್ನೇ ನೋಡಿದರು. ಮೆಲ್ಲಗೆ ನಕ್ಕರು. "ಹಾಗಾದ್ರೆ ಇದರ ಮುಂದೆ ನಿನ್ನ ಮೂಗೂ ನನ್ನ ಮೂಗೂ ಒಂದೇ ಆಯ್ತು ಬಿಡು."

"ಚೆನ್ನಾಗಿದೆ ಅಮ್ಮ, ನಾನು ಹೇಳ್ತೀನಲ್ಲ" ಎಂದ ಮರಿ.

"ನೀನು ಸುಮ್ನಿರೋ. ದಿನವೆಲ್ಲ ಹಿಕ್ಕೆ ಬಾಚೋ ಮೂಗು ನಿಂದು."

ಉಪ್ಪು, ಮೆಣಸಿನಪುಡಿ, ಹೆಚ್ಚಿದ ಈರುಳ್ಳಿ ಹಾಕಿ ಕದಡಿದೆವು. ಬಾಣಲೆಗೆ ಹಿಡಿಸುವ ಮಾತೇ ಇಲ್ಲ. ಬನ್ನು ಬೇಯಿಸುವ ದೊಡ್ಡ ಟ್ರೇಗೆ ಬೆಣ್ಣೆ ಸವರಿ ಸುರಿದು ಓವನ್ನಿಗೆ ತಳ್ಳಿದೆವು. ಅದು ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಅಂಚು ಮೀರಿ ಎದ್ದಿತು. ಪರಿಮಳ ಬೀದಿಗೆ ಹೋಗಿ ಪಕ್ಕದ ದರ್ಜಿಯನ್ನೂ ಎದುರಿನ ಔಷಧಿ ಅಂಗಡಿಯವರನ್ನೂ ಕರೆತಂದಿತು, ಅವರ ಹಿಂದೆ ಅವರ ಮನೆಮಂದಿ. ಎಲ್ಲರೂ ಮೊದಲು ಖಾಲಿ ಚಿಪ್ಪನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ದರ್ಜಿಯ ಹೆಂಡತಿ ಅದರೊಳಗೆ ಕೈ ಇಳಿಸಿ "ಮಣಿಕಟ್ಟೂ ಮುಳುಗ್ತಲ್ರೀ!" ಎಂದು ಕೂಗಿದಳು. ಕೊಯ್ದರೆ ಕೊಯ್ದಷ್ಟೂ ತುಂಡು. ಒಂದೇ ಒಂದು ಮೊಟ್ಟೆ, ಎಲ್ಲರ ತಟ್ಟೆಗೂ ಬಿದ್ದು ಟ್ರೇಯಲ್ಲಿ ಇನ್ನೂ ಉಳಿದಿತ್ತು.

ಆದರೆ ಯಾರೂ ತಿನ್ನಲಿಲ್ಲ. ಮೊದಲ ತುಂಡು ಅತ್ತೆಯದು ಎಂದು ಬೀದಿಗೆಲ್ಲ ಗೊತ್ತು. ಅತ್ತೆಯ ಮುಂದೆ ತಟ್ಟೆ ಇತ್ತು. ಅದರ ಅಂಚಿನ ಮೇಲೆ ಆ ಎರಡು ಬೆರಳೂ ಇದ್ದವು, ತಳ್ಳಲು ಸಿದ್ಧವಾಗಿ. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರ ಗಂಟಲು ಒಮ್ಮೆ ಏರಿ ಇಳಿದದ್ದನ್ನು ನಾನು ನೋಡಿದೆ.

ನಾನು ನನ್ನ ತುಂಡನ್ನು ಎತ್ತಿ, ಒಂದು ತುದಿ ಕಚ್ಚಿ, ಉಳಿದದ್ದನ್ನು ತಟ್ಟೆಗಿಟ್ಟೆ. ಅತ್ತೆಗಿಂತ ಮೊದಲು. ಯಜಮಾನರು ಗಾಬರಿಯಿಂದ ನನ್ನ ಕಡೆ ನೋಡಿದರು.

ಅಗಿದೆ. ಅತ್ತೆಯ ಕಣ್ಣು ನನ್ನ ಮುಖ ಬಿಟ್ಟು ಅಲ್ಲಾಡಲಿಲ್ಲ. ಬಟ್ಟಲು ಮೂಸುವಾಗಲೂ ಅವರು ಅಷ್ಟು ಗಮನ ಕೊಟ್ಟದ್ದು ನಾನು ಕಂಡಿಲ್ಲ. ನುಂಗಿದೆ.

"ಹೇಗಿದೆ?"

"ಮೊಟ್ಟೆ ಹಾಗೇ ಇದೆ ಅತ್ತೆ" ಅಂದೆ. ನನಗೇ ಆಶ್ಚರ್ಯ. "ನಮ್ಮ ಕೋಳಿಮೊಟ್ಟೆ ಹಾಗೇ. ಸ್ವಲ್ಪ ಕೊಬ್ಬು ಜಾಸ್ತಿ, ಅಷ್ಟೇ. ಚೆನ್ನಾಗಿದೆ. ಏನೂ ಕೆಟ್ಟಿಲ್ಲ."

ಅತ್ತೆ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅವರ ಕೈ ಮೇಜಿನ ಮೇಲೆ ಚಾಚಿ ನನ್ನ ತಟ್ಟೆಗೆ ಬಂತು.

"ಅತ್ತೆ, ಅದು ನಾನು ಕಚ್ಚಿದ್ದು."

"ಅದಕ್ಕೇ ಬೇಕು" ಅಂದರು.

ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು. ತುತ್ತು ಗಂಟಲಿಗೆ ಇಳಿಯಿತು. ಆಮೇಲೆ ಬೀದಿಯವರೆಲ್ಲ ತಿನ್ನತೊಡಗಿದರು, ಮಾತು ನಗು ಗದ್ದಲ ಎದ್ದಿತು. ಅತ್ತೆ ಬೆರಳು ಒರೆಸಿಕೊಂಡು ಖಾಲಿ ಕೈಯನ್ನು ನನ್ನ ಮುಂದೆ ಚಾಚಿದರು. ನಾನು ಟ್ರೇಯಿಂದ ಇನ್ನೊಂದು ತುಂಡು ತೆಗೆದು, ಅದರ ಮೂಲೆ ಕಚ್ಚಿ, ಅವರ ಕೈಗೆ ಇಟ್ಟೆ.