ಲಕ್ಷ್ಮಮ್ಮ ಕೋಂ ಬೋರಣ್ಣ

"ಎಲ್ಲಿ, ತೋರ್ಸವ್ವ. ನನ್ ಹೆಸ್ರು ಯಾವ್ ಸಾಲ್ನಾಗೈತೆ?"

ಲಕ್ಷ್ಮಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ತೋರುಬೆರಳನ್ನು ಮುಂದೆ ಚಾಚಿ ಕೂತಿದ್ದಳು. ಚೈತ್ರಳ ತೊಡೆಯ ಮೇಲೆ ಅವಳು ಬರೆದ ಸಂಶೋಧನಾ ಲೇಖನದ ಕೊನೆಯ ಪುಟವಿತ್ತು. ಯಾವ ಮಾತು ಯಾರಿಂದ ಬಂತು ಎಂದು ತಿಳಿಸುವ ಪಟ್ಟಿ. ಮೂವತ್ತೆಂಟು ಹೆಸರು, ಎಲ್ಲವೂ ಇಂಗ್ಲಿಷಿನಲ್ಲಿ, ಅಕ್ಷರಮಾಲೆಯ ಕ್ರಮದಲ್ಲಿ. ಅದರಲ್ಲಿ ಲಕ್ಷ್ಮಮ್ಮನ ಹೆಸರಿರಲಿಲ್ಲ. ತೆಗೆದುಹಾಕಿದವಳು ಚೈತ್ರಳೇ.

ಎರಡು ವರ್ಷದ ಹಿಂದೆ, ಹೊಸಕೆರೆಹಳ್ಳಿಯ ಕೆರೆ ನೀರು ಯಾವ ಗದ್ದೆಗೆ ಮೊದಲು ಹರಿಯುತ್ತಿತ್ತು ಎಂದು ಹುಡುಕಿಕೊಂಡು ಅವಳು ಈ ಮನೆಗೆ ಬಂದಿದ್ದಳು. ಕಚೇರಿಗಳಲ್ಲಿ ನಕ್ಷೆಗಳಿದ್ದವು, ಆದರೆ ಸರದಿ ಗೊತ್ತಿದ್ದವರು ಯಾರೂ ಇರಲಿಲ್ಲ. ಲಕ್ಷ್ಮಮ್ಮನ ಮಾವ, ಆಮೇಲೆ ಗಂಡ, ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ನೀರಗಂಟಿಗಳು. ಬುತ್ತಿ ಹೊತ್ತು ತೂಬಿನ ಹತ್ತಿರ ಹೋಗುತ್ತಿದ್ದವಳು ಇವಳು. ಯಾರ ಗದ್ದೆಗೆ ಎಷ್ಟು ಹೊತ್ತು, ಯಾರು ಕದ್ದು ಬದು ಒಡೆಯುತ್ತಿದ್ದರು, ಎಲ್ಲ ಬಾಯಲ್ಲೇ ಇತ್ತು. ಒಟ್ಟು ನಾಲ್ಕು ಮಧ್ಯಾಹ್ನ ಹೇಳಿದಳು. ಗದ್ದೆಗಳಿದ್ದ ಕಡೆ ಈಗ ಅಪಾರ್ಟ್‌ಮೆಂಟು, ಇವರದ್ದೂ ಮೂರಂತಸ್ತಿನ ಬಾಡಿಗೆ ಮನೆ. ಕೆಳಗಡೆ ಸೊಸೆ ರಮ್ಯಳ ಬ್ಲೌಸ್ ಹೊಲಿಯುವ ಅಂಗಡಿ.

ಕೊನೆಯ ದಿನ ಚೈತ್ರ ಹೆಸರು ಕೇಳಿದಾಗ ಮುದುಕಿ ಠೀವಿಯಿಂದ ಹೇಳಿದ್ದಳು: "ಬರೀ ಲಕ್ಷ್ಮಮ್ಮ ಅಂದ್ರೆ ಬೀದಿಗ್ ನಾಕ್ ಜನ ಅವ್ರೆ. ಜಮೀನಿನ್ ಪಾಣೀಲಿ ಇರಂಗೆ ಕೋಂ ಅಂತ ಯಜಮಾನ್ರ ಹೆಸ್ರೂ ಹಾಕು." ಗಂಡನ ಹೆಸರು ಮಾತ್ರ ಅವಳ ಬಾಯಿಗೆ ಬರಲೊಲ್ಲದು. ಸೊಸೆಯ ಕಡೆ ನೋಡಿದಳು. "ಬೋರಣ್ಣ," ಎಂದು ರಮ್ಯ ಅತ್ತೆಯ ಪರವಾಗಿ ಹೇಳಿದಳು. ಈ ಪತ್ರಿಕೆಗಳಲ್ಲಿ ಹಿಂದಿನ ಹೆಸರು ಮುಂದೆ ಬರುತ್ತದೆ, ಬೋರಣ್ಣ ಮೊದಲು, ಲಕ್ಷ್ಮಮ್ಮ ಆಮೇಲೆ ಎಂದು ಚೈತ್ರ ವಿವರಿಸಿದಾಗ ಅವಳು ಕೆಮ್ಮು ಬರುವಷ್ಟು ನಕ್ಕಿದ್ದಳು. "ಸತ್ ಮ್ಯಾಲೂ ಅವ್ರೇ ಮುಂದ್ಕೆ ನುಗ್ತಾರಲ್ಲವ್ವ!"

ಬೋರಣ್ಣ ನುಗ್ಗಲಿಲ್ಲ. ನುಗ್ಗಿದ್ದು ಚಕ್ರಪಾಣಿ. ಚೈತ್ರಳ ಗೈಡು, ಜಯನಗರದ ಮೇಷ್ಟ್ರು.

"ಏನಮ್ಮ ಇದು, ಒಂಬತ್ತು ಕಡೆ ಯಾವುದೋ ಅಜ್ಜಿ ಹೆಸರು! ಓದೋರು ನಗ್ತಾರೆ. ಕೆರೆ ಮೇಲೆ ನನ್ನ ಹಳೇ ಪೇಪರ್ ಇದೆಯಲ್ಲ, ಅದನ್ನ ಹಾಕು," ಎಂದಿದ್ದರು.

ಅವರ ಪೇಪರಿನಲ್ಲಿ ಆ ಕೆರೆಯ ಬಗ್ಗೆ ಇದ್ದದ್ದು ಒಂದೇ ವಾಕ್ಯ. ಅಲ್ಲೊಂದು ಕೆರೆ ಇದೆ ಅಂತ. ನೀರಿನ ಸರದಿಯ ಸುದ್ದಿಯೇ ಇರಲಿಲ್ಲ. ಅದು ಚೈತ್ರಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಪಿಎಚ್‌ಡಿ ಪ್ರಬಂಧಕ್ಕೆ ಸಹಿ ಹಾಕಬೇಕಾದವರು ಅವರೇ ಎನ್ನುವುದೂ ಗೊತ್ತಿತ್ತು. "ಸರಿ ಸಾರ್," ಎಂದಳು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಈ ಹೆಸರಿದ್ದ ಕಡೆಯೆಲ್ಲ ಆ ಹೆಸರು ಬರಲಿ ಎಂದು ಒಂದು ಗುಂಡಿ ಒತ್ತಿದಳು. ಒಂಬತ್ತು ಕಡೆ ಬದಲಾಯಿತು. ಕಾಫಿ ಒಂದು ಗುಟುಕು ಇಳಿಯುವಷ್ಟೂ ಹೊತ್ತು ಹಿಡಿಯಲಿಲ್ಲ. ಆಮೇಲೆ ಎರಡು ದಿನ ಅದೇ ಪಟ್ಟಿಯಲ್ಲಿ ಕಾಮಾ ಎಲ್ಲಿ, ಚುಕ್ಕೆ ಎಲ್ಲಿ, ಯಾವ ಅಕ್ಷರ ಓರೆಯಾಗಿರಬೇಕು ಎಂದು ಕಣ್ಣು ಕೆಂಪಾಗಿಸಿಕೊಂಡು ತಿದ್ದಿದಳು. ಎಂಥ ಶ್ರದ್ಧೆ!

ಈಗ ಕೊನೆಯ ಪ್ರೂಫ್ ಬಂದಿತ್ತು. ಇವತ್ತು ಸಂಜೆ ಐದಕ್ಕೆ ತಿದ್ದಿ ವಾಪಸ್ ಕಳಿಸಬೇಕು. ನಿನ್ನೆ ಲಕ್ಷ್ಮಮ್ಮ ಫೋನು ಮಾಡಿ "ಹೆಸ್ರು ಬಂತೇನವ್ವ?" ಎಂದಾಗ, ಹೋಗಿ ಎದುರೆದುರೇ ಹೇಳಿಬಿಡೋಣ ಎಂದುಕೊಂಡೇ ಚೈತ್ರ ಹೊರಟಿದ್ದಳು. ಆದರೆ ಎದುರಿಗೆ ಆ ಬೆರಳು ಚಾಚಿಕೊಂಡಿತ್ತು.

ಚೈತ್ರ ಅದನ್ನು ಹಿಡಿದು ಪುಟದ ಮೇಲಿಟ್ಟಳು. ಬೋರಣ್ಣ ಇರಬೇಕಾಗಿದ್ದ ಜಾಗಕ್ಕೇ ಕೈ ತಾನಾಗಿ ಹೋಯಿತು. ಅಲ್ಲಿಂದ ಒಂದು ಸಾಲು ಕೆಳಗೆ ಜಾರಿಸಿದಳು.

"ಇದೇ ಅಜ್ಜಿ."

ಲಕ್ಷ್ಮಮ್ಮ ಆ ಸಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ರಮ್ಯಾ, ಬಾರೇ ಇಲ್ಲಿ. ಓದೇ."

ಕಾಫಿ ಹಿಡಿದು ಬಂದ ರಮ್ಯ ಬಗ್ಗಿ ನೋಡಿದಳು. ನಿಧಾನಕ್ಕೆ, ತುಟಿ ಅಲ್ಲಾಡಿಸುತ್ತ ಓದಿಕೊಂಡಳು. ಆಮೇಲೆ ಚೈತ್ರಳ ಮುಖ ನೋಡಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಚೈತ್ರಳಿಗೆ.

"ಹೂಂ ಅತ್ತೆ, ನಿಮ್ದೇ," ಎಂದಳು ರಮ್ಯ.

ಮುದುಕಿ ಆ ಹಾಳೆಯನ್ನು ಎತ್ತಿಕೊಂಡು ದೇವರ ಗೂಡಿನ ಕಡೆ ಎದ್ದು ಹೋದಳು. ರಮ್ಯ ತಗ್ಗಿದ ದನಿಯಲ್ಲಿ ಕೇಳಿದಳು: "ಮೇಡಂ, ಈ ಚಕ್ರಪಾಣಿ ಅನ್ನೋರು ಯಾವತ್ತಾದ್ರೂ ನಮ್ಮನೆಗೆ ಬಂದಿದ್ರಾ?"

"ಇಲ್ಲ."

"ಅತ್ತೆ ಬೀದಿಗೆಲ್ಲ ಹೇಳ್ಕೊಂಡ್ ಬಂದವ್ರೆ. ನಾನು ಸುಳ್ಳು ಹೇಳಿದ್ದು ಅವ್ರಿಗೋಸ್ಕರ, ನಿಮಗೋಸ್ಕರ ಅಲ್ಲ."

ಬೈದಿದ್ದರೆ ಒಳ್ಳೆಯದಿತ್ತು. ಚೈತ್ರ ಕಾಫಿ ಲೋಟವನ್ನು ಮುಟ್ಟದೆ ಎದ್ದಳು. ಲಕ್ಷ್ಮಮ್ಮ ಬೋರಣ್ಣನ ಫೋಟೋದ ಕೆಳಗೆ ಹಾಳೆ ಒರಗಿಸಿ, ತಾನು ಮುಟ್ಟಿದ್ದ ಸಾಲನ್ನು ಕಣ್ಣು ಕಿರಿದಾಗಿಸಿ ಗುರುತು ಹಿಡಿದು, ಅದರ ಪಕ್ಕಕ್ಕೇ ಕುಂಕುಮ ಇಟ್ಟಿದ್ದಳು. ಗಂಡನ ಫೋಟೋದ ಕಡೆ ತಿರುಗಿ ಏನೋ ಗುಟ್ಟು ಹೇಳುವಂತೆ ನಗುತ್ತಿದ್ದಳು.

"ಅಜ್ಜಿ," ಎಂದಳು ಚೈತ್ರ. "ಅದು ನಿಮ್ಮ ಹೆಸರಲ್ಲ. ನಮ್ಮ ಮೇಷ್ಟ್ರದ್ದು. ನಿಮ್ಮ ಹೆಸರು ಇತ್ತು, ನಾನೇ ತೆಗೆದೆ. ತಪ್ಪಾಯ್ತು."

ಲಕ್ಷ್ಮಮ್ಮನ ಬೆರಳು ಕುಂಕುಮದ ಬಟ್ಟಲಿನಲ್ಲೇ ನಿಂತಿತು. ಸೊಸೆಯ ಕಡೆ ನೋಡಿದಳು. ರಮ್ಯ ತಲೆ ತಗ್ಗಿಸಿದಳು.

"ಹಂಗಾದ್ರೆ ನಾ ಕುಂಕುಮ ಇಟ್ಟಿದ್ದು ಯಾರ್ಗೆ?"

ಮುದುಕಿ ಹಾಳೆಯನ್ನು ಫೋಟೋದ ಬಳಿಯಿಂದ ತೆಗೆದು, ನಾಲ್ಕು ಮಡಿಕೆ ಮಾಡಿ ಚೈತ್ರಳ ಕೈಗಿಟ್ಟಳು. ಪ್ರತಿ ಸಲ ಹೊರಡುವಾಗ ಹಣೆಗೆ ಕುಂಕುಮವಿಟ್ಟು "ಹೋಗ್ಬಿಟ್ ಬಾ ಮಗ" ಎನ್ನುತ್ತಿದ್ದವಳು ಬಟ್ಟಲಿನ ಮುಚ್ಚಳ ಹಾಕಿದಳು.

"ಹೋಗವ್ವ," ಎಂದಳು.

ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು ಚೈತ್ರ ಲ್ಯಾಪ್‌ಟಾಪ್ ತೆರೆದಾಗ ನಾಲ್ಕೂ ಕಾಲು. ಚಕ್ರಪಾಣಿಯವರ ಫೋನು ಎರಡು ಸಲ ಹೊಡೆದುಕೊಂಡು ಸುಮ್ಮನಾಯಿತು. ಪ್ರೂಫ್ ತಿದ್ದುವ ಪುಟದಲ್ಲಿ ಎಲ್ಲವನ್ನೂ ಒಂದೇ ಏಟಿಗೆ ಬದಲಾಯಿಸುವ ಗುಂಡಿ ಇರಲಿಲ್ಲ. ಒಂದೊಂದು ಕಡೆಯೂ ಹೋಗಿ ಹೆಸರು ಅಳಿಸಿ, ಹೆಸರು ಬರೆದು, ಯಾಕೆ ಎಂದು ಕಾರಣವನ್ನೂ ಬರೆಯಬೇಕಿತ್ತು.

ಮಡಿಸಿದ ಹಾಳೆಯ ಸಂದಿಯಿಂದ ಉದುರಿದ ಕುಂಕುಮ ಬೆರಳಿಗೆ ಮೆತ್ತಿತ್ತು. ಚೂಡಿದಾರಕ್ಕೆ ಒರೆಸಿಕೊಂಡರೂ ಪೂರ್ತಿ ಹೋಗಲಿಲ್ಲ. ಕಾರಣದ ಮೊದಲನೆಯ ಪೆಟ್ಟಿಗೆಯಲ್ಲಿ ಏನು ಬರೆಯಬೇಕೆಂದು ತಿಳಿಯದೆ ಅದನ್ನು ಸದ್ಯಕ್ಕೆ ಖಾಲಿ ಬಿಟ್ಟಳು. ಹೆಸರಿನ ಜಾಗದಲ್ಲಿ ಚಕ್ರಪಾಣಿಯನ್ನು ಅಳಿಸಿ ಬೋರಣ್ಣನ ಮೊದಲ ಅಕ್ಷರವನ್ನು ಒತ್ತಿದಳು. ಕೀಲಿಯ ಮೇಲೆ ಕೆಂಪು ಉಳಿಯಿತು.