ಒಂದು ಪಾತ್ರೆ, ಮೂರು ಪಾತ್ರ

ಊಟ ಬಲ್ಲವಳಿಗೆ ರೋಗವಿಲ್ಲ, ಸದ್ದು ಬಲ್ಲವನಿಗೆ ಊಟವಿಲ್ಲ. ಗಾದೆ ಹೀಗಿಲ್ಲ ಎಂದು ನೀವು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತೇನೆ: ನನಗೂ ಗೊತ್ತು, ನಾನೂ ಬಿ.ಎ. ಪಾಸಾದವನು. ಆದರೆ ಆ ಸಂಜೆಯ ನಂತರ ನಮ್ಮ ಮನೆಯಲ್ಲಿ ಗಾದೆ ಹೀಗೇ ಚಾಲ್ತಿಯಲ್ಲಿದೆ. ನಾನು ಹೇಳುವುದರಲ್ಲಿ ಅರ್ಧ ಬೇರೆಯವರ ದನಿ, ಕಾಲುಭಾಗ ಸುಳ್ಳು ಎಂದು ನಮ್ಮಕ್ಕನ ಲೆಕ್ಕ. ಇದು ಮಾತ್ರ ಉಳಿದ ಕಾಲುಭಾಗಕ್ಕೆ ಸೇರಿದ್ದು. ನಡೆದದ್ದು ನಡೆದ ಹಾಗೆ.

ಅಕ್ಕ ಹನ್ನೊಂದು ವರ್ಷ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವಳು. ಅಲ್ಲಿನ ಪಾತ್ರೆಗಳೋ, ಕೂತು ಸ್ನಾನ ಮಾಡುವಷ್ಟು ಅಗಲ. ಮುಚ್ಚಳ ಎತ್ತಲು ಇಬ್ಬರು ಬೇಕು; ಎತ್ತಿದರೂ ಆವಿಯಲ್ಲಿ ನಮ್ಮ ಕೈ ನಮಗೇ ಕಾಣದು. ಹಾಗಾಗಿ ಅಲ್ಲಿಯವರು ಕಣ್ಣಿನ ಕೆಲಸವನ್ನು ಕಿವಿಗೆ ವಹಿಸಿದ್ದರು. ನೀರು ಜಾಸ್ತಿ ಇದ್ದರೆ ಪಾತ್ರೆ ಗಳಗಳ ಎನ್ನುತ್ತದೆ. ಕಡಿಮೆಯಾದಂತೆ ಬುಳುಕ್ ಬುಳುಕ್. ಇನ್ನೂ ಗಟ್ಟಿಯಾದರೆ ತೊಪ್, ತೊಪ್. ಕಡೆಗೆ ತಳ ಹಿಡಿಯುವ ಮುಂಚಿನ ಗಳಿಗೆಯಲ್ಲಿ ಒಂದು ಸಣ್ಣ ಚುರ್ರ್. ಆ ಚುರ್ರ್ ಕೇಳಿದೊಡನೆ ಒಲೆ ಆರಬೇಕು. ಕೇಳಿದವಳು ತಿರುಗಿ ನೋಡುವುದೂ ಇಲ್ಲ, ಕೈ ತಾನಾಗಿ ಹೋಗುತ್ತದೆ. ಗಡಿಯಾರ ಸುಳ್ಳು ಹೇಳಬಹುದು, ಪಾತ್ರೆ ಹೇಳುವುದಿಲ್ಲ ಎಂಬುದು ಅಕ್ಕನ ನಂಬಿಕೆ.

ಪಾತ್ರೆಯ ಹೆಸರಿನಲ್ಲಿ ತಮ್ಮ ಹೇಳುತ್ತಾನೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ನಾನು ಶಾಲೆಯಲ್ಲಿ ಚರಿತ್ರೆ ಹೇಳುವ ಮೇಷ್ಟ್ರು. ಮನೆಯಲ್ಲಿ ನನ್ನ ಹೆಸರು ಗಿಣಿ. ಹೆಡ್‌ಮೇಷ್ಟ್ರ ಕೆಮ್ಮು, ಬಾಗಿಲಿನ ಕಿರುಗುಟ್ಟು, ನಲ್ಲಿಯಲ್ಲಿ ನೀರು ನಿಂತಾಗ ಬರುವ ಬಿಕ್ಕಳಿಕೆ, ಕೇಳಿದ್ದೆಲ್ಲ ನನ್ನ ಗಂಟಲಿನಲ್ಲಿ ಬಿಡಾರ ಹೂಡುತ್ತದೆ.

ಕಾರ್ಖಾನೆ ಮುಚ್ಚಿ ಎಂಟು ತಿಂಗಳಾಗಿತ್ತು. ಅಕ್ಕ ಆ ಎಂಟೂ ತಿಂಗಳು ಒಂದು ಗೋದಾಮಿನಲ್ಲಿ ಡಬ್ಬಿಗಳಿಗೆ ಟೇಪು ಹಚ್ಚುತ್ತಿದ್ದಳು. ಮನೆಗೆ ಬಂದರೆ ಮಾತಿಲ್ಲ. ಬಾಯಿಗೂ ಟೇಪು ಹಚ್ಚಿಕೊಂಡು ಬಂದಳೇನೋ ಎನ್ನುವ ಹಾಗೆ ಕೂರುತ್ತಿದ್ದಳು. ಅಷ್ಟರಲ್ಲಿ ಬಸ್‌ನಿಲ್ದಾಣದ ಪಕ್ಕ ಹೊಸದಾಗಿ ಊಟದ ಅಂಗಡಿ ತೆರೆಯುವ ಹೆಂಗಸೊಬ್ಬರು ಅಡುಗೆಯವರನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂತು. ಈ ಕಡೆಯ ಅಡುಗೆಯವರೆಲ್ಲ ಅವರನ್ನು ಬೆನ್ನ ಹಿಂದೆ ಜ್ವರದಮ್ಮ ಎನ್ನುತ್ತಾರೆ. ಜೇಬಿನಲ್ಲಿ ಸದಾ ಒಂದು ಥರ್ಮಾಮೀಟರು. ಯಾವ ಮಾಂಸ ಕಂಡರೂ ಅದನ್ನು ಚುಚ್ಚಿ ಜ್ವರ ನೋಡುತ್ತಾರೆ. ಎಪ್ಪತ್ನಾಲ್ಕು ಡಿಗ್ರಿಗಿಂತ ಒಂದು ಗೆರೆ ಕಡಿಮೆ ಇದ್ದರೂ, "ಇದು ಹಸಿ" ಎಂದು ಎದ್ದು ಹೋಗುತ್ತಾರೆ. ಎರಡನೇ ಅವಕಾಶ ಕೊಟ್ಟದ್ದನ್ನು ಕಂಡವರಿಲ್ಲ.

ಅವರ ಪರೀಕ್ಷೆ ಹೀಗಿತ್ತು: ಅಂಗಡಿಯಲ್ಲಿರುವುದು ಒಂದೇ ಒಲೆ, ಆದ್ದರಿಂದ ಒಂದೇ ಪಾತ್ರೆಯಲ್ಲಿ ಪೂರ್ತಿ ಊಟ ಆಗಬೇಕು. ವಸಂತಕ್ಕೆ ಹೊಂದುವ ಹಾಗಿರಬೇಕು. ಸಂಜೆ ಏಳಕ್ಕೆ ಮನೆಗೇ ಬಂದು ತಿನ್ನುತ್ತಾರೆ. ಮತ್ತು ಮುಚ್ಚಿದ ಮುಚ್ಚಳವನ್ನು ಅವರೇ ತೆಗೆಯಬೇಕು. ಮೊದಲ ಆವಿಯಲ್ಲೇ ಅಡುಗೆಯ ಜಾತಕ ಇರುತ್ತದಂತೆ.

ಅಕ್ಕ ಕೋಳಿ-ಪಾಸ್ತಾ ಎಂದು ನಿರ್ಧರಿಸಿದಳು. ಪಾಸ್ತಾ ಪಾಸಾದರೆ ಅಕ್ಕ ಪಾಸು ಎಂದೆ. ಅವಳು ನಗಲಿಲ್ಲ. ಅಲ್ಲೇ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು.

ಚಳಿ ಕಳೆದು ಮೊದಲ ಸಲ ಅಡುಗೆಮನೆಯ ಕಿಟಕಿ ತೆರೆದಿದ್ದೆವು. ಎದುರಿನ ಮರ ಚಿಗುರಿತ್ತು. ಅಕ್ಕ ದಪ್ಪ ತಳದ ಕಬ್ಬಿಣದ ಪಾತ್ರೆಯಲ್ಲಿ ಬೆಣ್ಣೆ ಹಾಕಿ, ಕೋಳಿ ತೊಡೆಯ ದಪ್ಪ ತುಂಡುಗಳನ್ನು ಹೊರಮೈ ಕೆಂಪಾಗುವ ತನಕ ಹುರಿದಳು. ಬೆಳ್ಳುಳ್ಳಿ, ಎಳೆ ಈರುಳ್ಳಿ ಬಿದ್ದವು. ಮೂಳೆ ಬೇಯಿಸಿ ಸೋಸಿದ ನೀರು ಬಿತ್ತು. ಅದು ಕುದಿಯುತ್ತಲೇ ಚಿಟ್ಟೆಯಾಕಾರದ ಪಾಸ್ತಾ, ಮೇಲೆ ಹೊಸ ಬಟಾಣಿ. ಏಳಕ್ಕೆ ಹದಿನೈದು ನಿಮಿಷ ಇರುವಾಗ ಮುಚ್ಚಳ ಬಿತ್ತು.

"ಹನ್ನೆರಡು ನಿಮಿಷ" ಎಂದಳು. "ಆಮೇಲೆ ಅವಳು ಹೇಳ್ತಾಳೆ." ಅವಳು ಅಂದರೆ ಪಾತ್ರೆ.

"ಅಕ್ಕ, ಕೈ ನಡುಗ್ತಿದೆಯಲ್ಲೇ."

"ನಡುಗ್ತಿಲ್ಲ. ನಿಂಬೆಹಣ್ಣು ಜಾರ್ತಿದೆ."

ನಿಂಬೆಯ ಸಿಪ್ಪೆ ತುರಿಯುತ್ತ ಒಲೆಗೆ ಬೆನ್ನು ಹಾಕಿ ನಿಂತಿದ್ದಳು. ಭುಜ ಎರಡೂ ಕಿವಿಯ ತನಕ ಏರಿದ್ದವು. ಒಂದು ಸಲ ನಗಿಸಿದರೆ ಇಳಿದಾವು ಅನಿಸಿತು. ನಾಲ್ಕು ನಿಮಿಷ ಆಗಿತ್ತು. ನಾನು ಒಲೆಯ ಪಕ್ಕಕ್ಕೆ ಸರಿದು, ನಾಲಿಗೆಯನ್ನು ಹಲ್ಲಿಗೆ ಒತ್ತಿ, ಸಣ್ಣಗೆ ಚುರ್ರ್ ಎಂದೆ.

ಅವಳು ಬೆಚ್ಚಿ ಮುಚ್ಚಳ ತೆಗೆಯಲು ಹಾರುತ್ತಾಳೆ, ನಾನು ತಡೆಯುತ್ತೇನೆ, ಸೌಟಿನಿಂದ ಒಂದು ಏಟು ಬೀಳುತ್ತದೆ, ಇಬ್ಬರೂ ನಗುತ್ತೇವೆ. ಇದು ನನ್ನ ಯೋಜನೆ. ಆದದ್ದೇ ಬೇರೆ. ಅಕ್ಕ ತಿರುಗಲೂ ಇಲ್ಲ. ಎಡಗೈ ಹಿಂದಕ್ಕೆ ಚಾಚಿತು, ಗುಂಡಿ ತಿರುವಿತು, ಒಲೆ ಆರಿತು. "ಇವತ್ತು ಬೇಗ ಆಯ್ತಲ್ಲ" ಎಂದಳು ತನ್ನಷ್ಟಕ್ಕೆ.

"ಅಕ್ಕ, ಅದು..."

ಬಾಗಿಲ ಗಂಟೆ ಹೊಡೆಯಿತು.

ಅಕ್ಕ ಓಡಿದಳು. ಜ್ವರದಮ್ಮ ಹತ್ತು ನಿಮಿಷ ಮುಂಚೆಯೇ ಬಂದಿದ್ದರು. "ಹೇಳಿದ ಹೊತ್ತಿಗೆ ಬಂದ್ರೆ ಎಲ್ರ ಅಡುಗೆಮನೆನೂ ಚೆಂದ. ಮುಂಚೆ ಬಂದ್ರೆ ತಾನೆ ನಿಜ ಗೊತ್ತಾಗೋದು? ಏಳೂಕಾಲಿಗೆ ಏಳ್ತೀನಮ್ಮ, ಏಳೂವರೆಗೆ ಇನ್ನೊಬ್ಬರ ಮನೇಲಿ ಇರ್ಬೇಕು. ಎಲ್ಲಿ ಕೈ ತೊಳೆಯೋದು?"

ದನಿ ಹೇಗಿತ್ತೆಂದರೆ ಬೇರೆ ದಿನವಾಗಿದ್ದರೆ ಗಂಟಲಿಗೆ ತಂದು ಸಾಕುತ್ತಿದ್ದೆ. ಆ ಗಳಿಗೆಯಲ್ಲಿ ನನ್ನ ಗಂಟಲಿನಲ್ಲಿ ನನ್ನ ದನಿಯೂ ಇರಲಿಲ್ಲ. ಎದುರಿಗೆ ಆರಿದ ಒಲೆ, ಮೇಲೆ ಮುಚ್ಚಿದ ಪಾತ್ರೆ, ಒಳಗೆ ಹೊರಮೈ ಮಾತ್ರ ಬೆಂದ ಕೋಳಿ. ಮುಚ್ಚಳ ಇರುವ ತನಕ ಮುಚ್ಚುಮರೆ. ತೆಗೆದರೆ ಅಕ್ಕನ ಎಂಟು ತಿಂಗಳು ಇನ್ನೆಂಟು ವರ್ಷವಾಗಬಹುದು.

ಬಚ್ಚಲಿನಲ್ಲಿ ನೀರಿನ ಸದ್ದು ಬಂತು. ಒಲೆಯ ಗುಂಡಿ ಒತ್ತಿದೆ. ಟಿಕ್ ಟಿಕ್ ಟಿಕ್ ಟಿಕ್ ಎಂದಿತು, ಹತ್ತಲಿಲ್ಲ. ನಮ್ಮ ಒಲೆಗೆ ಮೊದಲಿಂದ ಈ ಹಟ ಇದೆ. ಮತ್ತೆ ಟಿಕ್ ಟಿಕ್ ಟಿಕ್.

"ಏನದು ಟಿಕ್ ಟಿಕ್?" ಬಚ್ಚಲಿನಿಂದ ಜ್ವರದಮ್ಮ.

"ಗಡಿಯಾರ ಅಮ್ಮಾ!" ಎಂದು ಕೂಗಿ, ಸಾಕ್ಷಿಗೆ ಬಾಯಿಂದಲೇ ಟಿಕ್, ಟಿಕ್, ಟಿಕ್ ಎನ್ನುತ್ತ ಮೂರನೇ ಸಲ ಒತ್ತಿದೆ. ಭಗ್ ಎಂದು ಹತ್ತಿತು. ಗಾಬರಿಯಲ್ಲಿ ಉರಿಯನ್ನು ಪೂರ್ತಿ ತಿರುವಿಬಿಟ್ಟೆ.

ತಲೆ ಎತ್ತಿದರೆ ಬಾಗಿಲಲ್ಲಿ ಟವೆಲ್ಲು ಹಿಡಿದ ಅಕ್ಕ. ನಮ್ಮ ಗಡಿಯಾರಕ್ಕೆ ಸದ್ದೇ ಇಲ್ಲ ಎಂಬುದು ಅವಳಿಗೆ ಗೊತ್ತು. ಅವಳ ಕಣ್ಣು ನೀಲಿ ಉರಿಯ ಮೇಲೆ ಬಿತ್ತು, ಅಲ್ಲಿಂದ ನನ್ನ ತುಟಿಯ ಮೇಲೆ. ಮುಖದ ಬಣ್ಣ ಕುತ್ತಿಗೆಗಿಳಿಯಿತು. ದನಿಯಿಲ್ಲದೆ ತುಟಿ ಅಲ್ಲಾಡಿಸಿದಳು: "ಕೊಂದುಬಿಡ್ತೀನಿ." ಆಮೇಲೆ ಗಡಿಯಾರ ನೋಡಿದಳು. ಏಳಕ್ಕೆ ಎಂಟು ನಿಮಿಷ. ಎಂಟು ಬೆರಳು ತೋರಿಸಿದಳು. ಅಂದರೆ ಇನ್ನು ಎಂಟು ನಿಮಿಷ ಬೇಯಬೇಕು. ಸರಿಯಾಗಿ ಏಳಕ್ಕೆ.

ಜ್ವರದಮ್ಮ ಬಂದು ಮೇಜಿನ ಮುಂದೆ, ಒಲೆಗೆ ಕೈ ಅಳತೆಯ ದೂರದಲ್ಲಿ ಕೂತರು. ಗಟ್ಟಿ ತೋಳು, ಬಲ ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಗುರುತು. ಜೇಬಿನಿಂದ ಥರ್ಮಾಮೀಟರು ತೆಗೆದು ತಟ್ಟೆಯ ಪಕ್ಕದಲ್ಲಿ ಚಮಚದಂತೆ ಇಟ್ಟುಕೊಂಡರು.

"ಗಡಿಯಾರ ನಿಂತೋಯ್ತಾ?"

"ಹಳೇದು ಅಮ್ಮ" ಎಂದೆ. "ಒಂದೊಂದ್ಸಲ ಮಾತ್ರ ಮಾತಾಡುತ್ತೆ."

"ಮನೇಲಿ ಒಬ್ಬರಾದ್ರೂ ಹಂಗಿರ್ಬೇಕು" ಎಂದಳು ಅಕ್ಕ. ನನಗೆ ತಗುಲಿತು.

"ತೆಗೀಲಾ?" ಜ್ವರದಮ್ಮನ ಕೈ ಮುಚ್ಚಳದತ್ತ ಹೋಯಿತು.

"ಏಳು ಗಂಟೆ ಅಂದಿದ್ರಿ ಅಮ್ಮ. ಏಳಕ್ಕೆ ಕೊಡ್ತೀನಿ. ನೀವು ಮುಂಚೆ ಬಂದ್ರಿ ಅಂತ ಕೋಳಿ ಮುಂಚೆ ಬೇಯಲ್ಲ."

ಕೈ ನಿಂತಿತು. ನನ್ನ ಉಸಿರೂ. ಜ್ವರದಮ್ಮ ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. "ಮಾತು ಬೆಂದಿದೆ" ಎಂದು ಕೈ ಹಿಂದೆ ತೆಗೆದುಕೊಂಡರು.

ಪಾತ್ರೆ ಗಳಗಳ ಎನ್ನತೊಡಗಿತು. ಅಕ್ಕ ನಿಂತಲ್ಲೇ ಮಾತು ಎಳೆದಳು: ಕ್ಯಾಂಟೀನು, ದಿನಕ್ಕೆ ಮುನ್ನೂರು ತಟ್ಟೆ, ಮಳೆ ಬಂದ ದಿನ ಇನ್ನೂ ಐವತ್ತು. ಮಾತು ಅಲ್ಲಿ, ಕಿವಿ ಇಲ್ಲಿ. ಬುಳುಕ್ ಬುಳುಕ್ ಶುರುವಾದಾಗ ಅವಳ ಹುಬ್ಬು ಗಂಟಾಯಿತು. ಲೆಕ್ಕಕ್ಕಿಂತ ಬೇಗ ಬಂದಿತ್ತು. ನಾನು ಪೂರ್ತಿ ತಿರುವಿದ ಉರಿ ಪಾತ್ರೆಯ ಹಿಂದಿನ ಬದಿಯಲ್ಲಿ ನಾಲಿಗೆ ಚಾಚಿತ್ತು. ಅದು ಅವಳಿಗೆ ನಿಂತಲ್ಲಿಂದ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು, ಆದರೆ ಒಲೆಗೂ ನನಗೂ ನಡುವೆ ಜ್ವರದಮ್ಮನ ಮೊಣಕೈ. ಒಮ್ಮೆ ಕೈ ಚಾಚಿದೆ. "ಏನಪ್ಪ?" ಎಂದರು. "ನೊಣ" ಎಂದೆ. ನೊಣದ ದನಿ ಮಾಡಲು ಬಾಯಿ ತೆರೆದೆ. ಅಕ್ಕನ ನೋಟ ಬಾಯಿ ಮುಚ್ಚಿಸಿತು.

ತೊಪ್. ತೊಪ್.

ಏಳಕ್ಕೆ ಮೂರು ನಿಮಿಷ ಇರುವಾಗ ಪಾತ್ರೆ ಸಣ್ಣಗೆ ಚುರ್ರ್ ಎಂದಿತು.

ಅಕ್ಕನ ಕೈ ಅರ್ಧ ಎದ್ದು ಅಲ್ಲೇ ನಿಂತಿತು. ನಿಧಾನಕ್ಕೆ ನನ್ನತ್ತ ತಿರುಗಿದಳು. ಆ ನೋಟದಲ್ಲಿ, ಮತ್ತೆ ಮಾಡ್ತೀಯಾ, ಇವತ್ತೂ ಮಾಡ್ತೀಯಾ ಎಂದು ಬರೆದಿತ್ತು. ನಾನಲ್ಲ ಎಂದು ತಲೆಯಾಡಿಸಿದೆ. ಇಪ್ಪತ್ತಾರು ವರ್ಷದಿಂದ ನಾನು ಹಾಗೇ ತಲೆಯಾಡಿಸುತ್ತ ಬಂದವನು.

ಚುರ್ರ್.

"ಸುಮ್ನಿರೋ" ಎಂದಳು ಹಲ್ಲು ಕಚ್ಚಿ.

"ಯಾರಿಗಮ್ಮ?" ಜ್ವರದಮ್ಮ.

ಲೆಕ್ಕದ ಪ್ರಕಾರ ಇನ್ನೂ ಮೂರು ನಿಮಿಷ ಬೇಕು. ಆರಿಸಿದರೆ ಕೋಳಿ ಹಸಿ ಇರಬಹುದು, ಬಿಟ್ಟರೆ ತಳ ಹಿಡಿಯಬಹುದು. ಯಾವುದು ಪಾತ್ರೆ, ಯಾವುದು ತಮ್ಮ? ಹನ್ನೊಂದು ವರ್ಷ ನಂಬಿದ ಕಿವಿಯನ್ನು ನಾನು ಒಂದು ನಾಲಿಗೆಯಲ್ಲಿ ಹಾಳು ಮಾಡಿದ್ದೆ. ಅವಳ ಹಣೆಯ ಮೇಲೆ ಬೆವರೊಡೆಯಿತು. ಜ್ವರದಮ್ಮ ನಮ್ಮಿಬ್ಬರನ್ನೂ ಟೆನಿಸ್ ನೋಡುವವರಂತೆ ನೋಡುತ್ತಿದ್ದರು.

ಅಕ್ಕ ಥಟ್ಟನೆ ನೀರಿನ ಲೋಟ ತೆಗೆದು ನನ್ನ ಮುಂದೆ ಹಿಡಿದಳು. "ಕುಡಿ."

"ಆಂ?"

"ಬಾಯ್ತುಂಬ ತಗೊ. ನುಂಗಬೇಡ."

ತುಂಬಿಕೊಂಡೆ. ಕೆನ್ನೆಗಳೆರಡೂ ಬಲೂನಾದವು. ಮೂವರೂ ಉಸಿರು ಹಿಡಿದು ಕೇಳಿದೆವು. ಕಿಟಕಿಯ ಹೊರಗೆ ಯಾರದೋ ಸೈಕಲ್ಲು ಹೋಯಿತು.

ಚುರ್ರ್ ಚುರ್ರ್ ಚುರ್ರ್!

ಅಕ್ಕ ಜಿಗಿದು ಗುಂಡಿ ತಿರುವಿದಳು. ಪಾತ್ರೆ ನಿಟ್ಟುಸಿರು ಬಿಟ್ಟಿತು. ನಾನು ನೀರು ನುಂಗಿದೆ, ಅರ್ಧ ಮೂಗಿಗೆ ಹೋಯಿತು.

"ತೆಗೀರಿ ಅಮ್ಮ" ಎಂದಳು. ದನಿ ದಾರದಷ್ಟು ಸಣ್ಣಗಾಗಿತ್ತು.

ಜ್ವರದಮ್ಮ ಮುಚ್ಚಳ ಎತ್ತಿದರು. ಆವಿಯೊಳಗೆ ಮುಖವಿಟ್ಟು ಕಣ್ಣು ಮುಚ್ಚಿದರು. ಎಲ್ಲಕ್ಕಿಂತ ದಪ್ಪ ತುಂಡನ್ನೇ ಆರಿಸಿ ಚುಚ್ಚಿದರು. ಅರವತ್ತೆರಡು. ಅರವತ್ತೇಳು. ಎಪ್ಪತ್ತು. ಅಲ್ಲಿ ಒಂದು ಕ್ಷಣ ನಿಂತಿತು. ಅಕ್ಕ ನನ್ನ ಮಣಿಕಟ್ಟು ಹಿಡಿದಿದ್ದಳು, ಉಗುರು ಇಳಿಯುತ್ತಿದ್ದವು. ಎಪ್ಪತ್ಮೂರು. ಎಪ್ಪತ್ತಾರು. ಎಪ್ಪತ್ತೊಂಬತ್ತು.

ಹಿಡಿತ ಸಡಿಲವಾಯಿತು.

ಅಕ್ಕ ಚೀಸು ಉದುರಿಸಿ, ನಿಂಬೆಯ ತುರಿ ಹಾಕಿ, ಹುಳಿ ಹಿಂಡಿ ಕಲಸಿದಳು. ತಳದಲ್ಲಿ ಕಂದು ಬಣ್ಣದ ತೆಳು ಪದರ ಅಂಟಿತ್ತು, ಸೀದಿರಲಿಲ್ಲ. ಜ್ವರದಮ್ಮ ಅದನ್ನೇ ಮೊದಲು ಕೆರೆದು ತಿಂದರು. ಆಮೇಲೆ ತಟ್ಟೆ ಪೂರ್ತಿ ಖಾಲಿ ಮಾಡಿ, ಬಾಯಿ ಒರೆಸಿಕೊಂಡು ಕೇಳಿದರು: "ಇವನಿಗ್ಯಾಕೆ ನೀರು ಕುಡಿಸಿದೆ?"

ನಾನು ಏನಾದರೂ ಹೆಣೆಯಬಹುದಿತ್ತು. ಅಕ್ಕ ಬಿಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಕಿವಿಯ ಅಭ್ಯಾಸ, ನನ್ನ ಚುರ್ರ್, ನಡುವೆ ಆರಿದ ಒಲೆ, ಸದ್ದಿಲ್ಲದ ಗಡಿಯಾರ. ಮಾತು ಮುಗಿದಾಗ ಜ್ವರದಮ್ಮನ ಮುಖದಲ್ಲಿ ಒಂದು ಡಿಗ್ರಿಯೂ ಕಾಣಲಿಲ್ಲ.

"ನೋಡಮ್ಮ. ಊಟ ಚೆನ್ನಾಗಿದೆ. ಆದ್ರೆ ನನ್ನ ಅಂಗಡೀಲಿ ಸಾವಿರ ಸದ್ದು. ಯಾವನೋ ಬಾಯಲ್ಲಿ ಸದ್ದು ಮಾಡಿದ್ರೆ ಒಲೆ ಆರಿಸೋರನ್ನ ನಾನು ಹೇಗೆ ಇಟ್ಕೊಳ್ಳಲಿ? ತಲೇಲಿ ಬುದ್ಧಿ ಇರೋ ಅಡುಗೆಯವರು ಯಾರಾದ್ರೂ ಹಂಗೆ ಮೋಸ ಹೋಗ್ತಾರಾ?"

ಅಕ್ಕ ತಲೆ ತಗ್ಗಿಸಿದಳು. "ತಪ್ಪು ನಂದು ಅಮ್ಮ" ಎಂದೆ. ಜೀವನದಲ್ಲಿ ಮೊದಲ ಸಲ ನನ್ನದೇ ದನಿಯಲ್ಲಿ.

"ಅದು ಗೊತ್ತು." ಅವರು ಎದ್ದು ಥರ್ಮಾಮೀಟರು ಒರೆಸಿದರು. ಬಾಗಿಲತ್ತ ಹೊರಟವರು ಒಲೆಯ ಪಕ್ಕದಲ್ಲೇ ನಿಂತರು, ಅದಕ್ಕೆ ಬೆನ್ನು ಮಾಡಿ. "ಅಷ್ಟೊಂದು ಚೆನ್ನಾಗಿ ಮಾಡ್ತೀಯೇನೋ? ಎಲ್ಲಿ, ಮಾಡು ನೋಡೋಣ."

ನಾನು ಅಕ್ಕನನ್ನು ನೋಡಿದೆ. ಅವಳು ಭುಜ ಹಾರಿಸಿದಳು. ಇನ್ನು ಕಳೆದುಕೊಳ್ಳಲು ಏನಿದೆ? ನಾಲಿಗೆ ಹಲ್ಲಿಗೊತ್ತಿ, ಸಣ್ಣಗೆ:

ಚುರ್ರ್.

ಜ್ವರದಮ್ಮನ ಬಲಗೈ ಹಿಂದಕ್ಕೆ ಹಾರಿತು. ತಿರುಗಿ ನೋಡಲೂ ಇಲ್ಲ. ಬೆರಳು ನೇರ ಗುಂಡಿಯ ಮೇಲೆ ಹೋಗಿ ಕೂತು, ಆರಿ ತಣ್ಣಗಾಗುತ್ತಿದ್ದ ಒಲೆಯನ್ನು ಇನ್ನೊಮ್ಮೆ ಆರಿಸಲು ಗಟ್ಟಿಯಾಗಿ ತಿರುವಿದವು.

ಜ್ವರದಮ್ಮ ತಮ್ಮ ಕೈಯನ್ನು ಬೇರೆಯವರದೆಂಬಂತೆ ನೋಡಿಕೊಂಡರು.

"ಯಾವ ಕ್ಯಾಂಟೀನು ಅಮ್ಮ?" ಅಕ್ಕ ಮೆಲ್ಲಗೆ ಕೇಳಿದಳು.

"ಆಸ್ಪತ್ರೇದು" ಎಂದರು. "ಹದಿನಾರು ವರ್ಷ." ಕೈಯನ್ನು ಜೇಬಿಗೆ ಹಾಕಿದರು. "ಸೋಮವಾರ ಬೆಳಿಗ್ಗೆ ಆರಕ್ಕೆ ಬಾ. ಏಳೂವರೆಯವನ ಕೈ ನೋಡ್ಬೇಕು, ಮಾತು ಕೊಟ್ಟಿದೀನಿ. ಚೆನ್ನಾಗಿದ್ರೆ ಅವನು ಸಂಜೆ ಪಾಳಿಗೆ, ಬೆಳಗಿನ ಒಲೆ ನಿಂದು. ಈ ಗಿಣೀನ ಮಾತ್ರ ತರಬೇಡ. ಬಂದ್ರೂ ಬಾಯ್ತುಂಬ ನೀರು ತುಂಬ್ಕೊಂಡು ಬರ್ಲಿ."

ನಾನು ಮೊದಲು ಕಿಸಕ್ಕೆಂದೆ. ಜ್ವರದಮ್ಮನ ಹೊಟ್ಟೆ ಕುಲುಕಿತು, ಥರ್ಮಾಮೀಟರು ಅವರ ಜೇಬಿನಲ್ಲಿ ಕುಣಿಯಿತು. ಅಕ್ಕ ಮೇಜು ಹಿಡಿದುಕೊಂಡಳು. ಎಂಟು ತಿಂಗಳ ಟೇಪು ಹರಿಯಿತು. ಅವಳ ನಗು ನಮ್ಮಿಬ್ಬರ ನಗುವನ್ನೂ ಮುಳುಗಿಸಿ, ತೆರೆದ ಕಿಟಕಿಯಿಂದ ಹೊರಬಿದ್ದು ಬೀದಿಗೆ ಇಳಿಯಿತು. ಪಕ್ಕದ ಮನೆಯವರು ಗೋಡೆ ತಟ್ಟಿದರು. ತಟ್ಟಿದ್ದು ನಾನಲ್ಲ ಎಂದು ಎರಡೂ ಕೈ ಮೇಲೆತ್ತಿ ತೋರಿಸಿದೆ.

ಅಕ್ಕ ನಂಬಲಿಲ್ಲ. ನೀರಿನ ಲೋಟ ನನ್ನತ್ತ ತಳ್ಳಿ, ಇನ್ನೂ ಜೋರಾಗಿ ನಕ್ಕಳು.